ನಾಟಕದಲ್ಲಿ ಯಾರಿಗೆ ಪಾರ್ಟು?

(ಡಿಸೆಂಬರ್ ತಿಂಗಳ ಒಂದು ಸಂಜೆ ಶಹಾಪುರದಲ್ಲಿ ಗಿರಣಿ ಕೆಲಸಗಾರರೂ ಸಣ್ಣ ವ್ಯಾಪಾರಸ್ಥರೂ ಮಕ್ಕಳೊಡನೆ ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ)



ದಿನವೆಲ್ಲ ಜಿನ್ನಿನ ಅರಳೆ ಧೂಳು ಕುಡಿದವರು, ಬೇಳೆ ಮಿಲ್ಲಿನಲ್ಲಿ ಚೀಲ ಹೊತ್ತವರು, ಬೆಳಗಿನಿಂದ ತಕ್ಕಡಿ ಹಿಡಿದು ನಿಂತವರು ಇಲ್ಲಿ ಕೂಡಿದ್ದೀರಿ. ಇಷ್ಟು ದಣಿದು ಬಂದವರ ಮುಂದೆ ಭಾರವಾದ ಭಾಷಣ ಮಾಡುವುದು ನ್ಯಾಯವಲ್ಲ. ಆದ್ದರಿಂದ ನಾವು ಈ ಹೊತ್ತು ಒಂದು ನಗೆಯ ಸಿನೆಮಾದ ಮಾತು ತಂದಿದ್ದೇವೆ. ಮಕ್ಕಳ ನಾಟಕವೊಂದರ ಸುತ್ತ ಹೆಣೆದ ಸಿನೆಮಾ ಅದು. ಮನೆಮಂದಿಯೆಲ್ಲ ಕೂತು ನೋಡಿ ನಗುವಂಥದು. ನಕ್ಕ ಮೇಲೆ ಅದರಿಂದ ಒಂದು ಪ್ರಶ್ನೆ ಉಳಿಯಿತು. ಆ ಪ್ರಶ್ನೆಯನ್ನು ನಾವೊಬ್ಬರೇ ಇಟ್ಟುಕೊಳ್ಳದೆ ತಮ್ಮ ಮುಂದೆ ಇಡೋಣವೆಂದು ಬಂದಿದ್ದೇವೆ.

ಡಿಸೆಂಬರ್ ಬಂತೆಂದರೆ ನಮ್ಮ ಕ್ರೈಸ್ತ ಬಂಧುಗಳ ಮನೆಯ ಮುಂದೆ ನಕ್ಷತ್ರದ ದೀಪ ತೂಗುತ್ತದೆ. ಮಕ್ಕಳು ಹೆಗಲಿಗೆ ಕಂಬಳಿ ಹಾಕಿ ಕುರುಬರಾಗುತ್ತಾರೆ, ಬೆನ್ನಿಗೆ ರಟ್ಟಿನ ರೆಕ್ಕೆ ಕಟ್ಟಿ ದೇವದೂತರಾಗುತ್ತಾರೆ. ಅದು ಮುಗಿಯುವ ಹೊತ್ತಿಗೆ ನಮ್ಮ ಶಾಲೆಗಳ ಸ್ನೇಹಸಮ್ಮೇಳನದ ಕಾಲ ಬರುತ್ತದೆ. ನಮ್ಮ ಮಂದಿ ಅದನ್ನು ಗ್ಯಾದರಿಂಗು ಎನ್ನುತ್ತಾರೆ. ಗ್ಯಾದರಿಂಗಿನ ದಿನ ಊರಿಗೆ ಊರೇ ಶಾಲೆಯ ಅಂಗಳದಲ್ಲಿರುತ್ತದೆ. ಅಂದು ಸ್ಟೇಜಿನ ಮೇಲೆ ನಿಂತ ಮಗುವನ್ನು ಅದರ ತಾಯಿ ನೋಡುವ ನೋಟವಿದೆಯಲ್ಲ, ಅದಕ್ಕೆ ಯಾವ ಬಹುಮಾನವೂ ಸಮವಲ್ಲ. ಸ್ಟೇಜು ಹತ್ತದ ಮಗುವಿನ ತಾಯಿಯೂ ಅದೇ ಗುಂಪಿನಲ್ಲಿರುತ್ತಾಳೆ. ಅವಳ ಕಡೆಗೆ ನಾವು ಯಾರೂ ನೋಡುವುದಿಲ್ಲ.

ಈಗ ಸಿನೆಮಾದ ಕಥೆಗೆ ಬರೋಣ. ಇದು ಅಮೇರಿಕದ ಚಿತ್ರ. ಹೆಸರು 'ದಿ ಬೆಸ್ಟ್ ಕ್ರಿಸ್‌ಮಸ್ ಪೇಜೆಂಟ್ ಎವರ್'. ಹಿಂದೆಂದೂ ಆಗಿರದಂಥ ಕ್ರಿಸ್‌ಮಸ್ ನಾಟಕ ಎಂದು ಅದರ ಅರ್ಥ. 2024ರ ನವೆಂಬರಿನಲ್ಲಿ ತೆರೆಗೆ ಬಂತು. ನಿರ್ದೇಶಿಸಿದವರು ಡಲ್ಲಾಸ್ ಜೆಂಕಿನ್ಸ್. ಕಥೆ ಮಾತ್ರ ಹಳೆಯದು. ಬಾರ್ಬರಾ ರಾಬಿನ್ಸನ್ ಎಂಬ ಲೇಖಕಿಯ ಮಕ್ಕಳ ಪುಸ್ತಕವಾಗಿ 1972ರಲ್ಲಿ ಪ್ರಕಟವಾಯಿತು, 1983ರಲ್ಲಿ ಒಮ್ಮೆ ಟೆಲಿವಿಜನ್ನಿಗೆ ಚಿತ್ರವಾಯಿತು. ಐವತ್ತು ವರ್ಷ ಮಕ್ಕಳ ಕೈಯಲ್ಲಿ ಸವೆದ ಕಥೆಯೇ ಈಗ ದೊಡ್ಡ ತೆರೆ ಕಂಡಿದೆ.

ಒಂದು ಸಣ್ಣ ಊರು. ಆ ಊರಲ್ಲಿ ಹರ್ಡ್‌ಮನ್ ಎಂಬ ಮನೆಯ ಆರು ಮಕ್ಕಳು. ರಾಲ್ಫ್, ಇಮೊಜೀನ್, ಲೆರಾಯ್, ಕ್ಲಾಡ್, ಒಲಿ, ಗ್ಲ್ಯಾಡಿಸ್. ಊರಿನವರ ಬಾಯಲ್ಲಿ ಇವರಿಗಿಂತ ಕೆಟ್ಟ ಮಕ್ಕಳಿಲ್ಲ. ಸುಳ್ಳು ಹೇಳುತ್ತಾರೆ, ಕದಿಯುತ್ತಾರೆ, ಬಡಿಯುತ್ತಾರೆ, ಯಾರದೋ ಶೆಡ್ಡಿಗೆ ಬೆಂಕಿಯನ್ನೂ ಇಟ್ಟಿದ್ದಾರೆ. ತಂದೆ ಬಿಟ್ಟುಹೋಗಿದ್ದಾನೆ. ತಾಯಿ, ಪುಸ್ತಕದಲ್ಲಿ ಹೇಳಿರುವಂತೆ, ಬೂಟಿನ ಕಾರ್ಖಾನೆಯಲ್ಲಿ ಎರಡೆರಡು ಪಾಳಿ ದುಡಿಯುತ್ತಾಳೆ. ಎರಡು ಪಾಳಿ ಎಂದರೇನೆಂದು ಈ ಸಭೆಗೆ ನಾವು ವಿವರಿಸಬೇಕಾಗಿಲ್ಲ. ಮನೆಯಲ್ಲಿ ಮಕ್ಕಳಿಗೆ ಮಕ್ಕಳೇ ದಿಕ್ಕು.

ಆ ಊರಿನ ಚರ್ಚಿನಲ್ಲಿ ಪ್ರತಿ ವರ್ಷ ಮಕ್ಕಳಿಂದ ಕ್ರಿಸ್‌ಮಸ್ ನಾಟಕ ನಡೆಯುತ್ತದೆ. ಪ್ರತಿ ವರ್ಷ ಅದೇ ಹುಡುಗಿ ಮರಿಯಳು, ಅದೇ ಮಾತು, ಅದೇ ಬಟ್ಟೆ. ಈ ಸಲ ನಾಟಕ ಕಲಿಸುತ್ತಿದ್ದ ಹೆಂಗಸಿನ ಕಾಲು ಮುರಿದು ಗ್ರೇಸ್ ಎಂಬ ಇನ್ನೊಬ್ಬ ತಾಯಿಯ ಮೇಲೆ ಹೊಣೆ ಬೀಳುತ್ತದೆ. ಅದೇ ಹೊತ್ತಿಗೆ, ಚರ್ಚಿನ ಭಾನುವಾರದ ಶಾಲೆಯಲ್ಲಿ ತಿನ್ನಲು ಸಿಹಿ ಕೊಡುತ್ತಾರೆಂಬ ಸುದ್ದಿ ಹರ್ಡ್‌ಮನ್ ಮಕ್ಕಳ ಕಿವಿಗೆ ಮುಟ್ಟುತ್ತದೆ. ಆರು ಮಂದಿಯೂ ಬಂದೇ ಬಿಡುತ್ತಾರೆ. ಬಂದವರು ತಿಂದು ಹೋಗಲಿಲ್ಲ. ಇಮೊಜೀನ್ ತಾನೇ ಮರಿಯಳೆಂದಳು. ಕಾಯಂ ಮರಿಯಳಾಗಿದ್ದ ಅಚ್ಚುಕಟ್ಟಿನ ಹುಡುಗಿ ಇವಳ ಹೆದರಿಕೆಗೆ ಬಾಯಿ ಬಿಡಲಿಲ್ಲ. ರಾಲ್ಫ್ ಯೋಸೇಫನಾದ. ಮೂವರು ತಮ್ಮಂದಿರು ಪೂರ್ವ ದೇಶದ ಮೂವರು ಜ್ಞಾನಿಗಳಾದರು. ಎಲ್ಲರಿಗಿಂತ ಸಣ್ಣವಳೂ ಎಲ್ಲರಿಗಿಂತ ತಂಟೆಕೋರಳೂ ಆದ ಗ್ಲ್ಯಾಡಿಸ್ ದೇವದೂತಳಾದಳು. ಊರಿನ ದೊಡ್ಡವರಿಗೆ ತಲೆನೋವು ಶುರುವಾಯಿತು. ಚರ್ಚು ಮಲಿನವಾಯಿತು, ನಾಟಕ ಹಾಳಾಯಿತು, ಇವರನ್ನು ತೆಗೆಯಿರಿ ಎಂದು ಗ್ರೇಸಳ ಬೆನ್ನು ಬಿದ್ದರು. ಅವಳು ತೆಗೆಯಲಿಲ್ಲ.

ನಗೆಯೆಲ್ಲ ತಾಲೀಮಿನಲ್ಲಿದೆ. ಆ ಮಕ್ಕಳು ಯೇಸುವಿನ ಜನನದ ಕಥೆಯನ್ನು ಕೇಳಿಯೇ ಇರಲಿಲ್ಲ. ಬೇರೆಯವರು ತೂಕಡಿಸುತ್ತ ಕೇಳುತ್ತಿದ್ದ ಕಥೆಯನ್ನು ಇವರು ಬಾಯಿ ತೆರೆದು ಕೇಳುತ್ತಾರೆ. ಹೊಟ್ಟೆಯಲ್ಲಿ ಕೂಸಿದ್ದ ಹೆಂಗಸಿಗೆ ಛತ್ರದಲ್ಲಿ ಜಾಗ ಕೊಡಲಿಲ್ಲವೆಂದರೆ ಏನರ್ಥ ಎಂದು ಸಿಟ್ಟಾಗುತ್ತಾರೆ. ಕೂಸನ್ನು ಕೊಲ್ಲಿಸಲು ನೋಡಿದ ಹೆರೋದ ರಾಜ ಯಾರು, ಕೊನೆಗೆ ಅವನಿಗೆ ಏನಾಯಿತು ಎಂದು ತಿಳಿಯಲು ವಾಚನಾಲಯಕ್ಕೆ ಹೋಗುತ್ತಾರೆ. ಹುಟ್ಟಿದ ಮೇಲೆ ಪುಸ್ತಕದ ಕಡೆ ಮುಖ ಮಾಡದವರು!

ನಾಟಕದ ರಾತ್ರಿ ಏನಾಗಬಹುದೆಂದು ನೋಡಲು ಊರೆಲ್ಲ ನೆರೆಯಿತು. ರಾಲ್ಫನೂ ಇಮೊಜೀನಳೂ ಒಳಗೆ ಬಂದರು. ಪರಸ್ಥಳದಲ್ಲಿ ಎತ್ತ ಹೋಗಬೇಕೆಂದು ತಿಳಿಯದೆ ನಿಂತ ದಿಕ್ಕಿಲ್ಲದವರಂತೆ ನಿಂತರು. ಗೊಂಬೆಯ ಕೂಸನ್ನು ಇಮೊಜೀನ್ ಹೆಗಲಿಗೆ ಹಾಕಿ ಬೆನ್ನು ತಟ್ಟಿದಳು, ಹಾಲು ಕುಡಿದ ಕೂಸಿಗೆ ತೇಗು ಬರಿಸುವಂತೆ. ಅದು ಅವಳಿಗೆ ಗೊತ್ತಿದ್ದ ಕೆಲಸ. ಮನೆಯಲ್ಲಿ ಚಿಕ್ಕವರನ್ನು ಬೆಳೆಸಿದ ಕೈ ಅದು. ಮೂವರು ಜ್ಞಾನಿಗಳು ಧೂಪ, ರಕ್ತಬೋಳದ ಬಣ್ಣದ ಡಬ್ಬಿಗಳನ್ನು ಬಿಟ್ಟು ಒಂದು ದೊಡ್ಡ ಮಾಂಸದ ತೊಡೆಯನ್ನು ಹೊತ್ತು ತಂದು ಕೂಸಿನ ಮುಂದೆ ಇಟ್ಟರು. ಹಬ್ಬಕ್ಕೆಂದು ಚರ್ಚಿನವರು ಬಡವರಿಗೆ ಹಂಚಿದ ಬುಟ್ಟಿಯಲ್ಲಿ ಇವರ ಪಾಲಿಗೆ ಬಂದ ಮಾಂಸ ಅದು. ಮನೆಯಲ್ಲಿದ್ದ ಒಂದೇ ಒಳ್ಳೆಯ ಊಟ. ಹಸಿದ ತಾಯಿಗೆ ಸುಗಂಧ ಏತಕ್ಕೆ, ಊಟವಿರಲಿ ಎಂದು ಅವರಿಗೆ ತೋರಿತು. ಆಟ ಮುಗಿಯುವಾಗ ಇಮೊಜೀನಳ ಕಣ್ಣಲ್ಲಿ ನೀರು. ನಗಲು ಬಂದಿದ್ದ ಊರು ಸುಮ್ಮನೆ ಕೂತಿತ್ತು.

ಬಂಧುಗಳೇ, ಆ ಊರಿನ ಸಜ್ಜನರಿಗೆ ವರ್ಷವರ್ಷ ಕೇಳಿಯೂ ತಿಳಿಯದ ಕಥೆ ಈ ಆರು ಮಕ್ಕಳಿಗೆ ಒಂದೇ ಸಲಕ್ಕೆ ತಿಳಿದದ್ದು ಹೇಗೆ? ಅದು ಅವರ ಮನೆಯ ಕಥೆಯಾಗಿತ್ತು, ಅದಕ್ಕೇ. ಲೂಕನ ಸುವಾರ್ತೆಯಲ್ಲಿ ಬರುವಂತೆ, ರೋಮಿನ ಚಕ್ರವರ್ತಿ ಖಾನೇಷುಮಾರಿ ಬರೆಸಲು ಹುಕುಂ ಮಾಡಿದ. ಬಡಗಿ ಯೋಸೇಫ ತುಂಬು ಗರ್ಭಿಣಿಯನ್ನು ಕರೆದುಕೊಂಡು ನಜರೇತಿನಿಂದ ಬೆತ್ಲೆಹೇಮಿಗೆ ಹೋದ. ಜಾಗ ಸಿಗಲಿಲ್ಲ, ಕೂಸನ್ನು ದನದ ಗೋದಲಿಯಲ್ಲಿ ಮಲಗಿಸಿದರು. ನಮ್ಮ ಸಗರನಾಡಿನವರಿಗೆ ಇದು ಪರದೇಶದ ಕಥೆಯೇ? ತೊಗರಿ ಹತ್ತಿ ಮುಗಿದ ಮೇಲೆ ಯಾದಗಿರಿ ಸ್ಟೇಶನ್ನಿನಲ್ಲಿ ಗಂಟು ತಲೆಯ ಮೇಲೆ ಹೊತ್ತು, ಕೂಸು ಸೊಂಟದ ಮೇಲಿಟ್ಟು ಬೆಂಗಳೂರು, ಮುಂಬಯಿ, ಪುಣೆಯ ಗಾಡಿಗೆ ಕಾಯುವವರನ್ನು ನಾವು ಕಂಡಿಲ್ಲವೇ? ಕಟ್ಟುತ್ತಿರುವ ಮಹಡಿಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಹೆತ್ತವರು ನಮ್ಮಲ್ಲಿ ಇಲ್ಲವೇ?

ಈ ನಾಟಕದ ಹುಟ್ಟನ್ನು ನೋಡಿದರೂ ಇದೇ ಕಾಣುತ್ತದೆ. ಇಟಲಿಯ ಅಸಿಸಿ ಎಂಬ ಊರಲ್ಲಿ ಒಬ್ಬ ಬಟ್ಟೆ ವ್ಯಾಪಾರಿಯ ಮಗನಿದ್ದ. ಹೆಸರು ಫ್ರಾನ್ಸಿಸ್. ತಂದೆಯ ಐಶ್ವರ್ಯ ಬಿಟ್ಟು ಬಡವರ ನಡುವೆ ಬದುಕಿದ ಸಂತ. 1223ರ ಕ್ರಿಸ್‌ಮಸ್ ರಾತ್ರಿ ಗ್ರೆಚ್ಚೋ ಎಂಬ ಹಳ್ಳಿಯಲ್ಲಿ ಅವನು ನಿಜವಾದ ಗೋದಲಿ ಇಟ್ಟು, ಹುಲ್ಲು ಹಾಕಿ, ಒಂದು ಎತ್ತನ್ನೂ ಒಂದು ಕತ್ತೆಯನ್ನೂ ತಂದು ನಿಲ್ಲಿಸಿ, ಕೂಸು ಎಂಥ ಬಡತನದಲ್ಲಿ ಹುಟ್ಟಿತೆಂದು ಹಳ್ಳಿಯ ಜನಕ್ಕೆ ಕಣ್ಣಾರೆ ತೋರಿಸಿದ. ಇಂದಿನ ಗೋದಲಿಯ ಆಟಗಳಿಗೆಲ್ಲ ಆ ರಾತ್ರಿಯನ್ನು ಮೂಲವೆಂದು ನೆನೆಯುತ್ತಾರೆ. ಹುಲ್ಲು, ಎತ್ತು, ಕತ್ತೆ ಇದ್ದರೆ ಸಾಕಾಗಿದ್ದ ಆಟಕ್ಕೆ ಬರಬರುತ್ತ ಜರಿಯ ಬಟ್ಟೆ ಬೇಕಾಯಿತು, ಬಟ್ಟೆ ತರಬಲ್ಲವರ ಮಕ್ಕಳೇ ಬೇಕಾದರು.

ಊಟಕ್ಕೆ ಬಂದವರೆಂದು ಹರ್ಡ್‌ಮನ್ ಮಕ್ಕಳನ್ನು ಆ ಊರು ಹೀಯಾಳಿಸಿತು. ಇಂಥ ಮಾತು ನಮ್ಮಲ್ಲಿಯೂ ಕೇಳಿದೆ. ಅಕ್ಷರ ದಾಸೋಹದ ಬಿಸಿಯೂಟ 2002ರಲ್ಲಿ ಮೊದಲಿಗೆ ಶುರುವಾದದ್ದು ಈಶಾನ್ಯದ ಏಳು ಜಿಲ್ಲೆಗಳಲ್ಲಿ. ಆಗಿನ ಗುಲಬರ್ಗಾ ಜಿಲ್ಲೆ ಅದರಲ್ಲೊಂದು, ಯಾದಗಿರಿ ಅಂದು ಅದರ ಒಳಗೇ ಇತ್ತು. ಮಕ್ಕಳು ಅಕ್ಷರಕ್ಕೆ ಬರುತ್ತಾರೋ ಅನ್ನಕ್ಕೆ ಬರುತ್ತಾರೋ ಎಂದು ಕಟ್ಟೆಯ ಮೇಲೆ ಕೂತು ನಕ್ಕವರನ್ನು ನಾವು ಬಲ್ಲೆವು. ಅನ್ನಕ್ಕೇ ಬರಲಿ, ತಪ್ಪೇನು? ಬಂದ ಮಗುವಿನ ಕಿವಿಗೆ ಪಾಠವೂ ಬೀಳುತ್ತದೆ. ದಾಸೋಹವೆಂಬ ಮಾತನ್ನು ಕೊಟ್ಟ ಶರಣರ ನಾಡಿನಲ್ಲಿ ಹಸಿದು ಬಂದವನ ಮುಖ ನೋಡಿ ನಗುವುದು ನಮಗೆ ಶೋಭಿಸದು.

ಇಲ್ಲಿ ನಮ್ಮದೊಂದು ಮಾತನ್ನು ಹೇಳಿಬಿಡಬೇಕು. ನಾವು ಐದನೆಯ ಇಯತ್ತೆಯಲ್ಲಿದ್ದಾಗ ಗ್ಯಾದರಿಂಗಿಗೆ ಒಂದು ರಾಜನ ನಾಟಕ ಹಿಡಿದಿದ್ದರು. ನಮ್ಮ ಬೆಂಚಿನ ಗೆಳೆಯ ಹಮಾಲನ ಮಗ. ರಾಜನ ಮಾತಷ್ಟೇ ಅಲ್ಲ, ಮಂತ್ರಿಯ ಮಾತು, ದೂತನ ಮಾತು, ಎಲ್ಲವೂ ಅವನಿಗೆ ಬಾಯಿಪಾಠ. ಎರಡು ವಾರ ರಾಜನ ತಾಲೀಮು ಅವನದೇ ನಡೆಯಿತು. ಆಮೇಲೆ ಪೋಷಾಕಿನ ಬಾಡಿಗೆ ಮನೆಯಿಂದ ತರಬೇಕೆಂದರು. ಅವನು ತರಲಿಲ್ಲ. ರಾಜನ ಪಾರ್ಟು ಬಾಡಿಗೆ ತಂದವನ ಪಾಲಾಯಿತು. ಗೆಳೆಯನ ಕೈಗೆ ಪರದೆಯ ಹಗ್ಗ ಕೊಟ್ಟರು. ಆಟದ ರಾತ್ರಿ ರಾಜನಿಗೆ ಮಾತು ಮರೆತುಹೋಯಿತು. ಪರದೆಯ ಮರೆಯಿಂದ ಒಂದೊಂದೇ ಮಾತನ್ನು ಪಿಸುಗುಟ್ಟಿ ಆಟವನ್ನು ದಡ ಮುಟ್ಟಿಸಿದವನು ಆ ಗೆಳೆಯನೇ. ಚಪ್ಪಾಳೆ ರಾಜನಿಗೆ ಬಿತ್ತು. ಮುಂದಿನ ವರ್ಷ ಅವನು ಶಾಲೆಗೆ ಬರಲಿಲ್ಲ. ತಂದೆಯ ಸಂಗಡ ಚೀಲ ಹೊರಲು ಹೋದ.

ಆ ನಾಟಕದಲ್ಲಿ ನಮಗೂ ಒಂದು ಸಣ್ಣ ಪಾರ್ಟಿತ್ತು. ಪೋಷಾಕಿನ ಬಾಡಿಗೆ ನಾವು ತಂದಿದ್ದೆವು. ಗೆಳೆಯನ ಪಾರ್ಟು ಹೋದ ದಿನ ನಾವು ಗುರುಗಳ ಮುಂದೆ ಒಂದು ಮಾತು ಆಡಬಹುದಾಗಿತ್ತು, ಆಡಲಿಲ್ಲ. ನಮ್ಮ ಪಾರ್ಟು ಹೋದೀತೆಂಬ ಅಂಜಿಕೆ. ಆ ಸಿನೆಮಾದಲ್ಲಿ ಗ್ರೇಸ್ ಎಂಬ ಹೆಂಗಸು ಊರೆಲ್ಲ ಒಂದಾದರೂ ಮಕ್ಕಳನ್ನು ಬಿಟ್ಟುಕೊಡದೆ ನಿಂತದ್ದನ್ನು ನೋಡಿದಾಗ ನಮಗೆ ನೆನಪಾದದ್ದು ಪರದೆಯ ಹಗ್ಗ ಹಿಡಿದ ಆ ಕೈಗಳು. ಅಂದು ದೊಡ್ಡವರ ತಪ್ಪಿತ್ತು, ನಿಜ. ಚಿಕ್ಕವರಾಗಿದ್ದ ನಮ್ಮ ಸುಮ್ಮನಿದ್ದ ತಪ್ಪೂ ಇತ್ತು.

ಪೋಷಾಕಿಲ್ಲದವನಿಗೆ ರಾಜನ ಪಾರ್ಟು ಒಪ್ಪುವುದಿಲ್ಲವೆಂದು ನಮಗೆ ಕಲಿಸಿದವರಾರು? ನಮ್ಮ ಹಿರಿಯರಂತೂ ಅಲ್ಲ. ನಮ್ಮ ಬಯಲಾಟವನ್ನು ನೋಡಿರಿ. ಹಗಲೆಲ್ಲ ನೇಗಿಲು ಹಿಡಿದವನು, ಕುರಿ ಕಾಯ್ದವನು, ಹಮಾಲಿ ಮಾಡಿದವನು ರಾತ್ರಿ ಕಿರೀಟ ಕಟ್ಟಿ, ಭುಜಕೀರ್ತಿ ಧರಿಸಿ ಭೀಮನಾಗಿ ಕುಣಿಯುತ್ತಾನೆ. ಬೆಳಗಿನವರೆಗೆ ಅವನು ಭೀಮನೇ. ಕಿರೀಟ ಅವನ ಮನೆಯದಲ್ಲ, ಊರಿನದು, ಮೇಳದ ಪೆಟ್ಟಿಗೆಯದು. ಅಕ್ಷರ ಬಾರದವನಿಗೂ ಮಾಸ್ತರನು ಬಾಯಿಯಿಂದ ಬಾಯಿಗೆ ಮಾತು ಕಲಿಸಿ ಕುಣಿಸಿದ್ದಾನೆ. ಓದು ಬಾರದವನನ್ನು ಸ್ಟೇಜು ಹತ್ತಿಸಿದ ನಾಡು ಇದು. ಓದಲು ಬಂದ ಮಗುವನ್ನು ಬಾಡಿಗೆಯ ಪೋಷಾಕಿಲ್ಲವೆಂದು ಕೆಳಗೆ ನಿಲ್ಲಿಸಬಹುದೇ?

ಅಮೇರಿಕದ ಮಾತೇ ಏಕೆ, ಕನ್ನಡದಲ್ಲಿ ಇಂಥ ಚಿತ್ರವಿಲ್ಲವೇ ಎಂದು ನೀವು ಕೇಳಬಹುದು. ಕ್ರಿಸ್‌ಮಸ್ಸಿನದಲ್ಲದಿದ್ದರೂ ಶಾಲೆಯ ಮಕ್ಕಳೇ ನಾಯಕರಾಗಿ ಮನೆಮಂದಿಯನ್ನೆಲ್ಲ ನಗಿಸಿದ ಚಿತ್ರ ನಮ್ಮಲ್ಲಿಯೂ ಇದೆ. 2018ರ ಆಗಸ್ಟಿನಲ್ಲಿ ಬಂದ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ'. ರಿಷಬ್ ಶೆಟ್ಟಿ ನಿರ್ದೇಶಿಸಿದ್ದು, ಅನಂತನಾಗ್ ನಟಿಸಿದ್ದು. ಆ ವರ್ಷದ ಉತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಕನ್ನಡ ಶಾಲೆಯೊಂದನ್ನು ಮುಚ್ಚಲು ಹೊರಟಾಗ ಮಕ್ಕಳೇ ಮೈಸೂರಿನವರೆಗೆ ಹೋಗಿ ಒಬ್ಬ ಹಿರಿಯರನ್ನು ಕರೆತಂದು ಕೋರ್ಟಿನಲ್ಲಿ ಗೆಲ್ಲುವ ಕಥೆ.

ಕಾಸರಗೋಡಿಗೂ ನಮಗೂ ಒಂದು ನಂಟಿದೆ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯದಲ್ಲಿದ್ದ ಯಾದಗಿರಿ, ಶಹಾಪುರ, ಸುರಪುರಗಳು ಕನ್ನಡ ರಾಜ್ಯಕ್ಕೆ ಸೇರಿದವು. ಅದೇ ದಿನ ಕಾಸರಗೋಡು ಕೇರಳಕ್ಕೆ ಹೋಯಿತು. ಅವರು ಹೊರಗೆ ಉಳಿದು ತಮ್ಮ ಶಾಲೆಗಾಗಿ ಬಡಿದಾಡುತ್ತಿದ್ದಾರೆ. ನಾವು ಒಳಗೆ ಬಂದೆವು. ಒಳಗೆ ಬಂದು ಶಾಲೆಯನ್ನು ಏನು ಮಾಡಿಕೊಂಡೆವು? ಖಾನೇಷುಮಾರಿ ನಮ್ಮನ್ನೂ ಎಣಿಸಿದೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ನೂರಕ್ಕೆ 75, ನಮ್ಮ ಯಾದಗಿರಿ ಜಿಲ್ಲೆಯದು ನೂರಕ್ಕೆ ಸುಮಾರು 52. ರಾಜ್ಯದ ಜಿಲ್ಲೆಗಳಲ್ಲೆಲ್ಲ ಕೊನೆಯದು ನಮ್ಮದು.

ಈ ಎರಡೂ ಚಿತ್ರಗಳು ನಮಗೆ ಹಿಡಿಸಿವೆ. ಆದರೂ ಒಂದು ಮಾತು ಹೇಳದಿರಲಾಗದು. ಸಿನೆಮಾ ರಾತ್ರಿ ಮುಗಿಯುತ್ತದೆ, ಬದುಕು ಬೆಳಗಿಗೆ ಶುರುವಾಗುತ್ತದೆ. ಇಮೊಜೀನ್ ಒಂದು ರಾತ್ರಿ ಮರಿಯಳಾದಳು. ಮರುದಿನ ಅವಳ ತಾಯಿಗೆ ಅವೇ ಎರಡು ಪಾಳಿ. ಒಂದು ಪಾರ್ಟಿನಿಂದ ಬಡತನ ಹೋಗುವುದಿಲ್ಲ. ಕೂಲಿ ಸರಿಯಾಗಬೇಕು, ಊರಲ್ಲಿ ಕೆಲಸ ಹುಟ್ಟಬೇಕು, ಗುಳೆ ನಿಲ್ಲಬೇಕು. ಅದು ದೊಡ್ಡ ಹೋರಾಟ, ಅದನ್ನು ಬಿಡತಕ್ಕದ್ದಲ್ಲ. ಆದರೆ ದೊಡ್ಡದು ಆಗುವತನಕ ಸಣ್ಣದನ್ನು ಮಾಡದೆ ಕೂಡುವುದು ಸೋಮಾರಿಯ ಲಕ್ಷಣ. ಮಗುವಿನ ವಯಸ್ಸು ನಮಗಾಗಿ ಕಾಯುವುದಿಲ್ಲ. ಹತ್ತು ವರ್ಷದ ಹುಡುಗನಿಗೆ ಹತ್ತನೆಯ ವರ್ಷ ಒಂದೇ ಸಲ ಬರುತ್ತದೆ.

ಈಗ ನಮ್ಮ ಪ್ರಶ್ನೆ ಕೇಳಿರಿ. ನಮ್ಮ ಊರುಗಳಲ್ಲಿ ಗ್ಯಾದರಿಂಗು ನಡೆಯುವುದು ಹೆಚ್ಚಾಗಿ ಜನವರಿ, ಫೆಬ್ರವರಿಯಲ್ಲಿ. ಬಡವರ ಮನೆಗಳು ಗುಳೆ ಹೋಗುವುದು ಅದೇ ಹೊತ್ತಿಗೆ. ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ಹೊಲದಲ್ಲಿ ಮಕ್ಕಳ ಕೈ ಕಾಣುವುದೂ ಸುಗ್ಗಿಯ ಈ ತಿಂಗಳುಗಳಲ್ಲಿಯೇ. ಅಂದರೆ ಯಾವ ಮಗುವಿಗೆ ಒಂದು ಪಾರ್ಟು, ಒಂದು ಚಪ್ಪಾಳೆ ಎಲ್ಲಕ್ಕಿಂತ ಹೆಚ್ಚು ಬೇಕೋ, ಆ ಮಗು ಊರಲ್ಲಿಲ್ಲದ ಕಾಲ ನೋಡಿ ನಾವು ಹಬ್ಬ ಮಾಡುತ್ತಿದ್ದೇವೆ. ಯಾರೂ ಬೇಕೆಂದು ಮಾಡಿದ್ದಲ್ಲ. ಆದರೆ ಬಾಗಿಲು ಹಾಕಿದವನು ಬೇಕೆಂದು ಹಾಕಿದನೋ ಮರೆತು ಹಾಕಿದನೋ, ಹೊರಗೆ ನಿಂತವನಿಗೆ ಎರಡೂ ಒಂದೇ.

ಆದ್ದರಿಂದ ನಮ್ಮ ಬೇಡಿಕೆ ಮೂರು. ಮೂರೂ ನಮ್ಮ ಕೈಯಳತೆಯವು.

ಒಂದು, ಪ್ರತಿ ಸರಕಾರಿ ಶಾಲೆಯಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಿದೆ. ತಂದೆತಾಯಿಗಳಾದ ನೀವೇ ಅದರ ಸದಸ್ಯರು. ಮುಂದಿನ ವರ್ಷ ಗ್ಯಾದರಿಂಗನ್ನು ದೀಪಾವಳಿಗೆ ಮುಂಚೆ, ಗಾಡಿ ಹತ್ತುವ ಕಾಲ ಬರುವುದಕ್ಕೆ ಮುಂಚೆ ಇಡಿಸಿರಿ. ಮುಖ್ಯ ಗುರುಗಳಿಗೆ ವಿಷಯ ತಿಳಿಸಿ ಹೇಳಿದರೆ ಯಾರು ಬೇಡವೆಂದಾರು?

ಎರಡು, ಪೋಷಾಕಿನ ಬಾಡಿಗೆಯನ್ನು ಮಗುವಿನ ತಲೆಯ ಮೇಲೆ ಹೊರಿಸುವುದು ಬೇಡ. ಬಯಲಾಟದ ಮೇಳಕ್ಕೊಂದು ಪೆಟ್ಟಿಗೆಯಿರುವಂತೆ ಶಾಲೆಗೂ ಒಂದು ಪೆಟ್ಟಿಗೆ ಇರಲಿ. ಬಟ್ಟೆ ಅಂಗಡಿಯವರ ಕಡೆಯಿಂದ ಉಳಿದ ತುಂಡು, ಕಿರಾಣಿಯವರಿಂದ ರಟ್ಟು, ಸಿಂಪಿಗರಿಂದ ಎರಡು ದಿನದ ಹೊಲಿಗೆ, ಗಿರಣಿಯವರಿಂದ ಮೋಡ ಮಾಡಲೂ ಮುದುಕನ ಗಡ್ಡ ಮಾಡಲೂ ಒಂದಿಷ್ಟು ಅರಳೆ. ಇಷ್ಟಿದ್ದರೆ ಹತ್ತು ನಾಟಕವಾಗುತ್ತವೆ. ವ್ಯಾಪಾರಸ್ಥರಿಗೆ ಇದು ದಾನವೆಂದು ತೋರದಿರಲಿ. ಇಂದು ಸ್ಟೇಜಿನ ಮೇಲೆ ಧೈರ್ಯವಾಗಿ ಮಾತಾಡಿದ ಹುಡುಗ ನಾಳೆ ನಿಮ್ಮ ಅಂಗಡಿಗೆ ಲೆಕ್ಕ ಓದಿ ನೋಡಿ ಸಾಮಾನು ಕೊಳ್ಳುವ ಗಿರಾಕಿ.

ಮೂರು, ಗುಳೆಯಿಂದ ಮರಳಿ ಬಂದ ಮಗುವನ್ನು ಶಾಲೆಯ ಬಾಗಿಲಿಗೆ ಕೈ ಹಿಡಿದು ಕರೆದುಕೊಂಡು ಹೋಗುವ ಕೆಲಸ. 2009ರ ಶಿಕ್ಷಣ ಹಕ್ಕಿನ ಕಾಯಿದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. 6ರಿಂದ 14 ವರ್ಷದ ಮಗು ವರ್ಷದ ನಡುವೆ ಬಂದರೂ ಸರಕಾರಿ ಶಾಲೆ ಸೇರಿಸಿಕೊಳ್ಳಲೇಬೇಕು. ಕಾಯಿದೆ ಬಾಗಿಲು ತೆರೆದಿದೆ. ಆದರೆ ನಾಲ್ಕು ತಿಂಗಳು ತಪ್ಪಿಸಿಕೊಂಡ ಮಗುವಿಗೆ ನಾಚಿಕೆ ಇರುತ್ತದೆ. ಆ ನಾಚಿಕೆಯನ್ನು ಕಾಯಿದೆ ತೆಗೆಯಲಾರದು, ಪಕ್ಕದ ಮನೆಯವರು ತೆಗೆಯಬಲ್ಲರು.

ಇಲ್ಲಿ ಮುಂದೆ ಕೂತ ಮಕ್ಕಳಿಗೂ ಒಂದು ಮಾತು. ನಿಮಗೆ ಪಾರ್ಟು ಸಿಕ್ಕಿದ ದಿನ ಪಕ್ಕದಲ್ಲಿ ಯಾರಿಗೆ ಸಿಗಲಿಲ್ಲ ಎಂದು ಒಮ್ಮೆ ತಿರುಗಿ ನೋಡಿರಿ. ಅವನಿಗೆ ಮಾತು ಬರುತ್ತಿದ್ದರೆ ಗುರುಗಳಿಗೆ ಹೇಳಿರಿ. ಅಂಜಬೇಡಿರಿ. ನಾವು ಅಂಜಿದೆವು, ಇಷ್ಟು ವರ್ಷವಾದರೂ ಅದನ್ನು ಮರೆತಿಲ್ಲ.

ನಮ್ಮ ಆ ಗೆಳೆಯನ ಸುದ್ದಿ ಹೇಳಿ ಮುಗಿಸುತ್ತೇವೆ. ಅವನು ಈಗಲೂ ಹಮಾಲಿ ಮಾಡುತ್ತಾನೆ. ಸಿನೆಮಾ ನೋಡಿ ಬಂದ ಮೇಲೆ ಅವನನ್ನು ಹುಡುಕಿಕೊಂಡು ಹೋಗಿ ಈ ಕಥೆ ಹೇಳಿದೆವು. ಪೂರಾ ಕೇಳಿದ. ಮಾಂಸದ ತೊಡೆಯ ಮಾತಿಗೆ ಬಹಳ ಹೊತ್ತು ನಕ್ಕ. ಆಮೇಲೆ ಒಂದೇ ಪ್ರಶ್ನೆ ಕೇಳಿದ: ಮುಂದಿನ ವರ್ಷ ಆ ಹುಡುಗಿಗೆ ಮತ್ತೆ ಪಾರ್ಟು ಕೊಟ್ಟರೇನು?

ನಮ್ಮಲ್ಲಿ ಉತ್ತರವಿರಲಿಲ್ಲ.  ಅವನ ಮೊಮ್ಮಗಳು ಈಗ ನಾಲ್ಕನೆಯ ಇಯತ್ತೆಯಲ್ಲಿದ್ದಾಳೆ, ಬಂಧುಗಳೇ. ಮುಂದಿನ ವರ್ಷದ ಗ್ಯಾದರಿಂಗಿನ ತಾರೀಖನ್ನು ಇಡುವವರು ಇಲ್ಲಿಯೇ ಕೂತಿದ್ದೀರಿ. ಅವನ ಪ್ರಶ್ನೆಗೆ ಉತ್ತರ ತಮ್ಮ ಕೈಯಲ್ಲಿದೆ.